ಕೆಂಪು ತ್ರಿಕೋನದಿಂದ ಮೊಬೈಲ್ ಪರದೆಯವರೆಗೆ

ಸಂತಾನ ನಿಯಂತ್ರಣದ ವಿಚಾರದಲ್ಲಿ ನಮ್ಮ ನಾಡು ಬಹಳ ಮುಂಚೆಯೇ ಎಚ್ಚೆತ್ತಿತ್ತು. ಮೈಸೂರು ಸಂಸ್ಥಾನದ ಸರ್ಕಾರ ಇದಕ್ಕಾಗಿಯೇ ಚಿಕಿತ್ಸಾಲಯಗಳನ್ನು ತೆರೆಯಲು 1930ರಲ್ಲಿಯೇ ಮುಂದಾಯಿತು. 1952ರಲ್ಲಿ ಕುಟುಂಬ ಯೋಜನೆ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಊರೂರಿನ ಗೋಡೆಗಳ ಮೇಲಿದ್ದ ಕೆಂಪು ತ್ರಿಕೋನವನ್ನೂ ‘ನಾವಿಬ್ಬರು, ನಮಗಿಬ್ಬರು’ ಎಂಬ ಘೋಷಣೆಯನ್ನೂ ನನ್ನ ವಯಸ್ಸಿನವರು ಮರೆತಿರಲಾರರು.

ಆದರೆ ಗೋಡೆಬರಹ ಹೇಳಬಲ್ಲುದೇ ಹೊರತು ಪ್ರಶ್ನೆಗೆ ಉತ್ತರಿಸಲಾರದು. ಎಷ್ಟು ಮಕ್ಕಳು ಸಾಕೆಂದು ಅದು ತಿಳಿಸಿತು. ಯಾವ ವಿಧಾನ ಯಾರ ದೇಹಕ್ಕೆ ಒಗ್ಗುತ್ತದೆಂಬುದನ್ನು ತಿಳಿಸಲಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಅನಂತರ ಹೊರೆಯೆಲ್ಲ ಹೆಂಗಸರ ಮೇಲೆ ಬಿದ್ದಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಾಹಿತ ದಂಪತಿಗಳಲ್ಲಿ ಶೇ. 38ರಷ್ಟು ಮಂದಿ ಹೆಣ್ಣಿನ ಶಸ್ತ್ರಚಿಕಿತ್ಸೆಯನ್ನೂ, ಶೇ. 0.3ರಷ್ಟು ಮಂದಿ ಮಾತ್ರ ಗಂಡಿನದನ್ನೂ ಅವಲಂಬಿಸಿದ್ದರು. ಗಂಡಿನ ಶಸ್ತ್ರಚಿಕಿತ್ಸೆಯೇ ಸರಳವೆಂದು ಎಷ್ಟು ಮನೆಗಳಿಗೆ ಗೊತ್ತಿದೆ?

ಇಂದು ಆ ಗೋಡೆಯ ಅಧಿಕಾರ ಅಂತರ್ಜಾಲಕ್ಕೆ ಬಂದಿದೆ. ಮಾತ್ರೆ ಮಾರುವವರು ಅನುಕೂಲವನ್ನಷ್ಟೇ ಹೇಳುತ್ತಾರೆ. ಹೆದರಿಸುವವರು ಅಪಾಯವನ್ನಷ್ಟೇ ಹೇಳುತ್ತಾರೆ. ತುರ್ತು ಗರ್ಭನಿರೋಧಕ ಮಾತ್ರೆಯಿಂದ ಗರ್ಭಪಾತವಾಗುತ್ತದೆ ಎಂಬುದು ಸುಳ್ಳು. ಆಗಲೇ ನೆಲೆಗೊಂಡ ಗರ್ಭವನ್ನು ಅದು ತೆಗೆಯಲಾರದು. ಶಸ್ತ್ರಚಿಕಿತ್ಸೆಯಿಂದ ಗಂಡಸುತನ ಕುಂದುತ್ತದೆ ಎಂಬುದೂ ಸುಳ್ಳೇ. ಆದರೆ ಅದು ಫಲ ಕೊಡಲು ಸುಮಾರು ಮೂರು ತಿಂಗಳು ಬೇಕೆಂಬ ನಿಜವನ್ನು ಮರೆಮಾಚುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಅಧಿಕೃತ ಭಾಷೆಗಳಲ್ಲಿ ಕನ್ನಡವಿಲ್ಲ. ಇಂಗ್ಲಿಷ್ ಬಾರದ ಹೆಣ್ಣುಮಗಳು, ಹಲವು ವೇಳೆ ಗಂಡನದೇ ಆದ ಮೊಬೈಲಿನಲ್ಲಿ, ಎದುರಿಗೆ ಬಂದದ್ದನ್ನೇ ನಂಬಬೇಕಾಗುತ್ತದೆ.

2014ರಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ ಶಸ್ತ್ರಚಿಕಿತ್ಸಾ ಶಿಬಿರಗಳ ಬಳಿಕ 13 ಮಂದಿ ಹೆಂಗಸರು ಪ್ರಾಣ ಕಳೆದುಕೊಂಡರು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದೂ ಶಸ್ತ್ರಚಿಕಿತ್ಸೆಗೆ ಮುನ್ನ ತುಂಬುವ ಪರಿಶೀಲನಾ ಪಟ್ಟಿಯು ಸ್ಥಳೀಯ ಭಾಷೆಯಲ್ಲಿರಬೇಕೆಂದೂ ಹೇಳಿತು. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ಸಾಲದು; ಒಪ್ಪುವ ಮೊದಲಿನ ತಿಳಿವಳಿಕೆಯೂ ಕನ್ನಡದಲ್ಲಿಯೇ ಪೂರ್ಣವಾಗಿ ದೊರೆಯಬೇಕು. 2017ರಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಬಂದ ‘ಅಂತರಾ’ ಚುಚ್ಚುಮದ್ದು, ‘ಛಾಯಾ’ ಮಾತ್ರೆಗಳನ್ನೇ ತೆಗೆದುಕೊಳ್ಳಿ. ಅವುಗಳ ಗುಣದ ಜೊತೆಗೆ ಮುಟ್ಟಿನ ಏರುಪೇರು, ಬಿಟ್ಟ ಬಳಿಕ ಏನಾಗುತ್ತದೆ ಎಂಬ ವಿವರವನ್ನೂ ಆರೋಗ್ಯ ಇಲಾಖೆ ಜಾಲತಾಣದಲ್ಲಿ ಎದ್ದುಕಾಣುವಂತೆ ಇಡಬೇಕು. ಓದಿ ಸಂದೇಹ ಬಂದವರಿಗೆ ಉತ್ತರಿಸಲು ಆಶಾ ಕಾರ್ಯಕರ್ತೆಯರನ್ನೂ ದಾದಿಯರನ್ನೂ ಸಜ್ಜುಗೊಳಿಸಬೇಕು.

‘ಬೇಡ’ ಎನ್ನುವ ಹಕ್ಕೂ ತಿಳಿವಳಿಕೆಯಿಂದಲೇ ಬರುತ್ತದೆ. ಅರ್ಧ ಮಾತ್ರ ತಿಳಿಸಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆಯೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.