ಸ್ಕ್ಯಾನ್ ಮಾಡಿಬಿಟ್ರೆ ಮುಗೀತಾ ಸ್ವಾಮಿ?

ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸಿದರೆ ಗ್ರಂಥಾಲಯದ ಕೆಲಸ ಮುಗಿಯಿತು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ನಮ್ಮ ಕೆ.ಆರ್.ಪೇಟೆ, ನಾಗಮಂಗಲದ ಶಾಸನಗಳನ್ನು ಬಿ.ಎಲ್.ರೈಸ್ 1898ರಲ್ಲೇ 'ಎಪಿಗ್ರಾಫಿಯಾ ಕರ್ನಾಟಿಕಾ'ದ 4ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅದು ಬರೀ ಪುಸ್ತಕವಲ್ಲ, ಡೇಟಾ: ಊರು, ಕಾಲ, ರಾಜ, ದತ್ತಿ ಬಿಟ್ಟ ಗದ್ದೆ, ಕೆರೆ... ಸ್ಕ್ಯಾನ್ ಅಂದರೆ ಪುಟದ ಫೋಟೋ ಅಷ್ಟೇ. ಹೊಯ್ಸಳರ ಕಾಲದ ಕೆರೆಗಳೆಷ್ಟು ಅಂತ ಆ ಫೋಟೋನ ಕೇಳಿ ನೋಡಿ!

"ಸಂಶೋಧಕರೇ ಮಾಡ್ಕೊಳ್ಳಲಿ" ಅಂತೀರಾ? ಮಾಡ್ತಾರೆ. ವರ್ಷಗಟ್ಟಲೆ ಕೂತು ಪಟ್ಟಿ ಮಾಡ್ತಾರೆ. ಪಿಎಚ್‌ಡಿ ಮುಗಿದ ಮೇಲೆ ಆ ಫೈಲು ಅವರ ಹಾರ್ಡ್ ಡಿಸ್ಕಿನ ಜೊತೆಗೇ ಸಾಯುತ್ತೆ. ಮುಂದಿನವರು ಮತ್ತೆ ಮೊದಲಿಂದ! ಅದನ್ನು ಇಸ್ಕೊಂಡು, ಯುನಿಕೋಡಿನಲ್ಲಿ, ಯಾರು ಯಾವಾಗ ತಿದ್ದಿದರು ಅನ್ನೋ ದಾಖಲೆ ಸಮೇತ ಕಾಪಾಡಬೇಕಾದವರು ಗ್ರಂಥಪಾಲಕರಲ್ಲದೆ ಇನ್ಯಾರು?

ಆಗಲ್ಲ ಅನ್ನಬೇಡಿ. ಬೆಂಗಳೂರಿನ ಮಿಥಿಕ್ ಸೊಸೈಟಿ ಅಲ್ಲಿನ ಸುತ್ತಮುತ್ತಲ ಶಾಸನಗಳಿಗೆ 2021ರಿಂದ ಈ ಕೆಲಸ ಮಾಡಿ, ಎಲ್ಲರಿಗೂ ಬಿಟ್ಟುಕೊಟ್ಟಿದೆ. ಇನ್ನು ದುಡ್ಡು? 1965ರ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಕಟ್ತಾ ಬಂದಿದ್ದೀವಲ್ಲ.

ಅಕ್ಕಿಹೆಬ್ಬಾಳಿನ ಹುಡುಗಿಯೊಬ್ಬಳು ಲೈಬ್ರರಿಯಲ್ಲಿ ಕೂತು 'ಹೇಮಾವತಿ' ಅಂತ ಟೈಪ್ ಮಾಡಿದರೆ, ಆ ಹೊಳೆ ದಂಡೆಯ ಶಾಸನಗಳೆಲ್ಲ ಎದುರಿಗೆ ಬರಬೇಕು. ಬರೀ ಫೋಟೋ ಅಲ್ಲ.

ಏನಂತೀರಿ?