ನುಂಗಿದರೂ ಅರಗದ ಶತ್ರು

ಕಳೆದ ತಿಂಗಳು ಲಕ್ಕುಂಡಿಯ ಮುಸುಕಿನ ಬಾವಿಯ ಬಳಿ ನಮ್ಮ ಹಳೆಯ ಶಿಷ್ಯನೊಬ್ಬನು ಭೆಟ್ಟಿಯಾದನು. ಕ್ಷಯಕ್ಕೆ ಔಷಧ ಆರಂಭಿಸಿ ಎರಡು ತಿಂಗಳಾಗಿದ್ದವು. ಕೆಮ್ಮು ನಿಂತಿತ್ತು, ಮೈ ತುಂಬಿತ್ತು. “ಇನ್ನು ಗುಳಿಗೆ ಸಾಕಲ್ಲವೇ, ಗುರುಗಳೇ?” ಎಂದನು. ಆತನಿಗೆ ಹೇಳಿದುದನ್ನೇ ವಾಚಕರ ಮುಂದಿಡುತ್ತೇವೆ. ವ್ಯಾಕರಣ ಕಲಿಸಿದವರು ವೈದ್ಯಕವನ್ನಾಡುವದಕ್ಕೆ ಕ್ಷಮೆಯಿರಲಿ.

೧೮೮೨ನೆಯ ಇಸವಿಯಲ್ಲಿ ರಾಬರ್ಟ್ ಕಾಖನು ಬರ್ಲಿನ್ನಿನಲ್ಲಿ ಕ್ಷಯದ ಜಂತುವನ್ನು ಲೋಕಕ್ಕೆ ತೋರಿಸಿದನು. ಅದೇ ವರ್ಷ ಮೆಸ್ಸೀನಾದಲ್ಲಿ ಮೆಚ್ನಿಕಾಫನು ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ, ಸಂಚಾರಿ ಕಣಗಳು ಬಂದು ಅದನ್ನು ಮುತ್ತುವದನ್ನು ಕಂಡನು. ಇಂಥ ಭಕ್ಷಕ ಕಣಗಳು ನಮಗೂ ಹುಟ್ಟಿನಿಂದಲೇ ಇರುವವು. ಅವಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಜಂತುವನ್ನು ನುಂಗಿ, ಒಂದು ಚೀಲದೊಳಗಿಟ್ಟು, ಆಮ್ಲವನ್ನೂ ಪಾಚಕರಸವನ್ನೂ ಸುರಿದು ಅರಗಿಸುವದೇ ಅವುಗಳ ಧರ್ಮ. ನಮ್ಮ ಬಾದಾಮಿಗೆ ಅಂಟಿಕೊಂಡಿರುವ ಅಗಸ್ತ್ಯ ವಾತಾಪಿಯರ ಕಥೆಯೇ ಸರಿ. ಆದರೆ ಈ ವಾತಾಪಿಯು ಅಷ್ಟು ಸುಲಭವಾಗಿ ಜೀರ್ಣವಾಗತಕ್ಕವನಲ್ಲ. ಮೇಣದಂಥ ಕವಚವನ್ನು ತೊಟ್ಟು, ಪಾಚಕರಸದ ಚೀಲವು ತನ್ನ ಚೀಲದೊಡನೆ ಕೂಡದಂತೆ ತಡೆದು, ಕೊಲ್ಲಬೇಕಾದ ಕಣದಲ್ಲಿಯೇ ಸಂಸಾರ ಹೂಡುವನು. ಕೆಲವೊಮ್ಮೆ ಚೀಲವನ್ನೇ ಹರಿಯುವನು.

ಕಣವೂ ಸುಮ್ಮನಿರುವದಿಲ್ಲ. ಹರಿದ ಚೀಲಕ್ಕೆ ಯುಬಿಕ್ವಿಟಿನ್ ಎಂಬ ಕಿರಿಯ ಪ್ರೋಟೀನಿನ ಮುದ್ರೆಯನ್ನೊತ್ತಿ, ಇಮ್ಮಡಿ ಪೊರೆಯಿಂದ ಸುತ್ತಿ, ಮತ್ತೆ ಪಾಚಕರಸಕ್ಕೆ ಒಪ್ಪಿಸುವದು. ಈ ‘ಸ್ವಭಕ್ಷಣ’ವು ಕ್ಷಯಜಂತುವನ್ನು ಹತ್ತಿಕ್ಕುವದೆಂದು ೨೦೦೪ರಲ್ಲಿ ತಿಳಿದುಬಂದಿತು, ಸ್ವಭಕ್ಷಣದ ಮರ್ಮವನ್ನು ಬಿಡಿಸಿದ ಜಪಾನಿನ ಓಸುಮಿಯವರಿಗೆ ೨೦೧೬ರಲ್ಲಿ ನೊಬೆಲ್ ದೊರೆಯಿತು. ಜಂತುವಿರುವ ಚೀಲದಿಂದ ಕಬ್ಬಿಣದ ಅಂಶವನ್ನು ಹೊರಗೆ ಸಾಗಿಸಿ ಶತ್ರುವನ್ನು ಉಪವಾಸ ಕೆಡಹುವ ಉಪಾಯವೂ ಉಂಟು. ಇದು ನಮಗೆ ಬಹಳ ಹಿಡಿಸಿತು. ಇಷ್ಟಾದರೂ ಎಷ್ಟೋ ಸಲ ಯುದ್ಧವು ಸಮವಾಗಿ ನಿಲ್ಲುವದು. ಕಣಗಳು ಒತ್ತಾಗಿ ನೆರೆದು ಗಂಟಾಗುವವು, ಜಂತುವು ಅದರೊಳಗೆ ಮಲಗುವದು. ಸೋಂಕಿದ ನೂರರಲ್ಲಿ ಸುಮಾರು ತೊಂಬತ್ತು ಜನರಿಗೆ ಜೀವಮಾನವಿಡೀ ರೋಗವೇ ತೋರುವದಿಲ್ಲ. ಹಸಿವು, ಸಿಹಿಮೂತ್ರ, ಏಡ್ಸ್ ಇವು ಕಾವಲನ್ನು ಸಡಿಲಿಸಿದರೆ ಮಲಗಿದ್ದು ಏಳುವದು.

ಗುಳಿಗೆಗಳಾದರೂ ಮೊದಲೆರಡು ತಿಂಗಳಲ್ಲಿ ಚುರುಕಾಗಿ ಬೆಳೆಯುವ ಜಂತುಗಳನ್ನು ಕೊಲ್ಲುವವು. ಜಡವಾಗಿ ಬಿದ್ದಿರುವವುಗಳಿಗಾಗಿಯೇ ಮುಂದಿನ ನಾಲ್ಕು ತಿಂಗಳು. ನಡುವೆ ಬಿಟ್ಟರೆ ರೋಗವು ಮರಳೀತು, ಔಷಧಕ್ಕೆ ಬಗ್ಗದ ಜಂತುವೂ ಹುಟ್ಟೀತು.

ಹಳ್ಳಿಗನು ಅಜ್ಞಾನಿ, ಆದುದರಿಂದ ಕ್ಷಯ ಹೋಗದೆಂಬ ಮಾತು ನಮಗೆ ಸೇರದು. ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಸೀಮೆಯಲ್ಲಿ ವಿಚಾರಿಸಿದಾಗ, ಲಕ್ಷಣವುಳ್ಳವರಲ್ಲಿ ಅರ್ಧಕ್ಕೂ ಹೆಚ್ಚು ಜನರು ತಾವಾಗಿಯೇ ಸರಕಾರಿ ದವಾಖಾನೆಗೆ ಹೋಗಿದ್ದರು. ಅನೇಕರು ಕೆಮ್ಮಿನ ಸೀಸೆಯನ್ನಷ್ಟೇ ಹಿಡಿದು ಮರಳಿದ್ದರು.

ಶಿಷ್ಯನು ಬೆರಳೆಣಿಸಿ ಉಳಿದ ತಿಂಗಳುಗಳ ಲೆಕ್ಕ ಹಾಕಿದನು. ಮನೆಯಲ್ಲಿ ಕೂಸೊಂದಿದೆಯೆಂದೂ, ಅದನ್ನಿನ್ನೂ ಯಾರಿಗೂ ತೋರಿಸಿಲ್ಲವೆಂದೂ ಆಗ ಹೇಳಿದನು. ಮರುದಿನ ಮುಂಜಾನೆಯ ಬಸ್ಸಿಗೆ ಮೂವರೂ ಗದಗಕ್ಕೆ ಹೋದರು.