ರಕ್ತ ಕೊಟ್ರೆ ನಮಗೇನು ಸಿಗುತ್ತೆ?

ರಕ್ತ ಕೊಟ್ರೆ ಹಾರ್ಟ್ ಅಟ್ಯಾಕ್ ಆಗಲ್ಲ, ತೂಕ ಇಳಿಯುತ್ತೆ, ಹೊಸ ರಕ್ತ ಬಂದು ಮುಖಕ್ಕೆ ಕಳೆ ಬರುತ್ತೆ... ಆಫೀಸಲ್ಲಿ ರಕ್ತದಾನ ಶಿಬಿರ ಅಂದ ಕೂಡಲೇ ವಾಟ್ಸ್‌ಆ್ಯಪ್ ಗ್ರೂಪಿಗೆ ಇಂಥದ್ದೊಂದು ಮೆಸೇಜ್ ಬಂದೇ ಬರುತ್ತೆ. ಓದಿದಾಗೆಲ್ಲ ನನಗನಿಸೋದು ಒಂದೇ: ಒಳ್ಳೆ ಕೆಲಸಕ್ಕೆ ಇಷ್ಟೊಂದು ಆಮಿಷ ಯಾಕೆ?

ಹೃದಯದ ವಿಷಯವನ್ನೇ ತಗೊಳ್ಳಿ. ರಕ್ತ ಕೊಡುವ ನಡುವಯಸ್ಸಿನ ಗಂಡಸರಲ್ಲಿ ಹೃದಯಾಘಾತ ಕಡಿಮೆ ಅಂತ 1998ರಲ್ಲಿ ಫಿನ್ಲೆಂಡ್‌ನ ಒಂದು ಅಧ್ಯಯನ ಹೇಳಿತ್ತು. ಆದರೆ ರಕ್ತ ಕೊಡೋಕೆ ಬಿಡೋದೇ ಆರೋಗ್ಯ ಚೆನ್ನಾಗಿರೋರನ್ನ. ಅವರ ಹೃದಯ ಗಟ್ಟಿಯಾಗಿದ್ದರೆ ಅದು ದಾನದ ಫಲವೋ, ಮೊದಲಿಂದಲೂ ಹಾಗೇ ಇತ್ತೋ ಬಿಡಿಸಿ ಹೇಳೋದು ಕಷ್ಟ. ತೂಕದ ಮಾತೂ ಅಷ್ಟೇ. ಕಳೆದುಹೋದ ದ್ರವ ಒಂದೆರಡು ದಿನದಲ್ಲೇ ತುಂಬಿಕೊಳ್ಳುತ್ತೆ.

ಖಂಡಿತವಾಗಿ ಸಿಗೋದು ಒಂದು ಪುಟ್ಟ ತಪಾಸಣೆ. ತೂಕ, ಬಿಪಿ, ನಾಡಿ, ಹಿಮೋಗ್ಲೋಬಿನ್ ನೋಡ್ತಾರೆ. ಹಿಮೋಗ್ಲೋಬಿನ್ 12.5 ಇಲ್ಲದಿದ್ದರೆ ರಕ್ತ ತಗೊಳ್ಳೋದಿಲ್ಲ. ಬಿಟಿಎಂ ಲೇಔಟಿನ ಪಿಜಿಯಲ್ಲಿರೋ ನನ್ನ ಗೆಳತಿಯನ್ನ ಹಾಗೇ ವಾಪಸ್ ಕಳಿಸಿದ್ರು, 10.4 ಇತ್ತು. ಮೆಟ್ಟಿಲು ಹತ್ತಿದ್ರೆ ಏದುಸಿರು ಬರೋದನ್ನ ಅವಳು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಸುಸ್ತು ಅಂದುಕೊಂಡಿದ್ಲು! ಡಾಕ್ಟರನ್ನ ಕಂಡು, ತಿಂಗಳುಗಟ್ಟಲೆ ಕಬ್ಬಿಣಾಂಶದ ಮಾತ್ರೆ ತಗೊಂಡು ಈಗ ಚೆನ್ನಾಗಿದ್ದಾಳೆ. ಅವಳೊಬ್ಬಳ ಕಥೆಯಲ್ಲ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ.

ಹಾಗಾದ್ರೆ ಕೊಟ್ಟೋರಿಗೆ ನಷ್ಟವೇ ಇಲ್ವಾ? ಇದೆ, ಅದರ ಹೆಸರು ಕಬ್ಬಿಣಾಂಶ. ಒಮ್ಮೆ 450 ಮಿಲಿ ರಕ್ತ ಕೊಟ್ರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತೆ. ಕೆಂಪು ರಕ್ತಕಣಗಳು ಮತ್ತೆ ತುಂಬೋಕೆ ವಾರಗಳು ಬೇಕು, ಕಬ್ಬಿಣಕ್ಕೆ ಇನ್ನೂ ಹೆಚ್ಚು. ಅದಕ್ಕೇ ನಮ್ಮಲ್ಲಿ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಇಟ್ಟಿರೋದು. ಇಂಗ್ಲೆಂಡ್‌ನಲ್ಲಿ ಸುಮಾರು 45,000 ದಾನಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು. ಬೇಗ ಬೇಗ ಕೊಟ್ಟವರಲ್ಲಿ ಕಬ್ಬಿಣಾಂಶ ಇಳಿದಿತ್ತು, ಕೆಲವರಿಗೆ ಸುಸ್ತು, ತಲೆಸುತ್ತು ಕಾಣಿಸಿತ್ತು. ದೊಡ್ಡ ಅಪಾಯವೇನೂ ಕಂಡುಬರಲಿಲ್ಲ.

ಇದಕ್ಕೆ ಮದ್ದು ಅಡುಗೆಮನೆಯಲ್ಲೂ ಸ್ವಲ್ಪ ಇದೆ. ಸೊಪ್ಪು, ಹುರುಳಿಕಾಳು, ಮಾಂಸ ತಿನ್ನೋರಾದ್ರೆ ಲಿವರ್. ಕೋಸಂಬರಿಗೆ ನಿಂಬೆಹಣ್ಣು ಹಿಂಡೋದು ರುಚಿಗೆ ಮಾತ್ರ ಅಲ್ಲ, ಹುಳಿಯಲ್ಲಿರೋ ವಿಟಮಿನ್ ಸಿಯಿಂದ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹಿಡಿಯುತ್ತೆ. ಊಟ ಮುಗಿದ ತಕ್ಷಣದ ಫಿಲ್ಟರ್ ಕಾಫಿ ಅದನ್ನ ತಡೆಯುತ್ತೆ. ಜಯನಗರದೋರಿಗೆ ಇದು ಕಷ್ಟದ ಮಾತು, ಗೊತ್ತು. ಒಂದು ಗಂಟೆ ತಡೀರಿ, ಸಾಕು.

ಇನ್ನು ಈ ರಕ್ತ ಹೋಗೋದೆಲ್ಲಿಗೆ? ನಮ್ಮ ಸುತ್ತಲೇ ನೋಡಿ. ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ. ಡೇರಿ ಸರ್ಕಲ್ ದಾಟಿದ್ರೆ ನಿಮ್ಹಾನ್ಸ್, ಕಿದ್ವಾಯಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಹೃದಯದ ಆಪರೇಷನ್, ತಲೆಗೆ ಪೆಟ್ಟು ಬಿದ್ದವರು, ಕೀಮೋ ತಗೊಳ್ತಿರೋರು, ಎಲ್ಲರೂ ಇದೇ ಕೆಲವು ಕಿಲೋಮೀಟರ್ ಒಳಗಿದ್ದಾರೆ. ತೀವ್ರ ಥಲಸ್ಸೀಮಿಯಾ ಇರೋ ಮಕ್ಕಳಿಗಂತೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು, ಶಾಲೆಗೆ ಹೋಗೋಕೆ, ಆಟ ಆಡೋಕೆ, ಬದುಕೋಕೆ.

ಆದರೆ ರಕ್ತವನ್ನ ಅಕ್ಕಿಯ ಹಾಗೆ ವರ್ಷಗಟ್ಟಲೆ ಕೂಡಿಡೋಕೆ ಆಗಲ್ಲ. ಕೆಂಪು ರಕ್ತಕಣಗಳ ಆಯಸ್ಸು ಫ್ರಿಡ್ಜಿನಲ್ಲಿ ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್‌ಗೆ 5 ದಿನ. ಜನವರಿಯ ಶಿಬಿರದಲ್ಲಿ ಸಾಲುಗಟ್ಟಿ ನಿಂತು ಕೊಟ್ಟ ರಕ್ತ ಏಪ್ರಿಲ್‌ಗೆ ಇರಲ್ಲ. ಅಷ್ಟೊತ್ತಿಗೆ ಕಾಲೇಜುಗಳಿಗೆ ಪರೀಕ್ಷೆ, ರಜೆ. ಅರ್ಧ ಬೆಂಗಳೂರು ಊರಿಗೆ ಹೋಗಿರುತ್ತೆ. ಮಕ್ಕಳ ರಕ್ತದ ಅಗತ್ಯಕ್ಕೆ ಬೇಸಿಗೆ ರಜೆ ಇಲ್ಲವಲ್ಲ!

ಹಾಗಾಗಿ ನನ್ನ ಸಲಹೆ ಇಷ್ಟೇ. ಹುಟ್ಟುಹಬ್ಬ, ಶಿಬಿರ ಅಂತ ಕಾಯಬೇಡಿ. ವರ್ಷಕ್ಕೆ ಎರಡು ದಿನ ಆರಿಸಿಕೊಳ್ಳಿ, ಒಂದು ಏಪ್ರಿಲ್-ಮೇನಲ್ಲಿರಲಿ. ನಿಮಗೆ 18 ತುಂಬಿ, ತೂಕ 45 ಕೆ.ಜಿ. ಇದ್ದು, ಕಳೆದ 12 ತಿಂಗಳಲ್ಲಿ ಟ್ಯಾಟೂ ಹಾಕಿಸಿಕೊಂಡಿಲ್ಲದಿದ್ದರೆ ಹತ್ತಿರದ ಲೈಸೆನ್ಸ್ ಇರುವ ರಕ್ತನಿಧಿಗೆ ಹೋಗಿ ವಿಚಾರಿಸಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಿಂಡಿ ತಿಂದು ನೀರು ಕುಡಿದು ಹೋಗಿ. ಆವತ್ತು ಜಿಮ್ ಬೇಡ. ಬೈಕ್ ಮನೆಯಲ್ಲೇ ಇರಲಿ, ಬನಶಂಕರಿ, ಜೆ.ಪಿ. ನಗರದ ಕಡೆಯೋರಿಗೆ ಮೆಟ್ರೋ ಇದೆ. ಕೇಳೋ ಪ್ರಶ್ನೆಗಳಿಗೆಲ್ಲ ಮುಚ್ಚುಮರೆಯಿಲ್ಲದೆ ಉತ್ತರ ಕೊಡಿ. ಎಚ್‌ಐವಿ ಇದೆಯಾ ಅಂತ ತಿಳ್ಕೊಳ್ಳೋಕೆ ಮಾತ್ರ ರಕ್ತದಾನಕ್ಕೆ ಹೋಗಲೇಬೇಡಿ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬೇರೆ ಕೇಂದ್ರಗಳಿವೆ, ಗುಟ್ಟಾಗಿ, ಉಚಿತವಾಗಿ ಪರೀಕ್ಷೆ ಮಾಡ್ತಾರೆ.

ನಮಗೇನು ಸಿಗುತ್ತೆ ಅಂತ ಕೇಳೋದು ತಪ್ಪಲ್ಲ. ಒಂದು ಹಿಮೋಗ್ಲೋಬಿನ್ ಲೆಕ್ಕ, ಬಿಸ್ಕೆಟ್, ಜ್ಯೂಸ್, ಅರ್ಧ ದಿನದ ಸಮಾಧಾನ. ಇಷ್ಟು ಸಿಕ್ಕರೆ ನನಗಂತೂ ಸಾಕು. ಉಳಿದದ್ದೆಲ್ಲ ಹಾಸಿಗೆ ಮೇಲೆ ಮಲಗಿ ಕಾಯ್ತಿರೋರಿಗೆ ಸಿಗಲಿ.